ಮನೆಯಂಗಳದ ಮಾತು: ಸೈಕಲ್ಲಿನ ಮೇಲೆ ಕುಮಟೆಗೆ

ಹೋದ ತಿಂಗಳಿನ ಸಂಚಿಕೆಯಲ್ಲಿ ಬ್ಯಾಡಗಿ ಮೆಣಸಿನಕಾಯಿಯನ್ನು ವರ್ಷದುದ್ದಕ್ಕೂ ಬಣ್ಣಗೆಡದಂತೆ ಇಡುವ ಬಗೆಯನ್ನು ಕುರಿತು ನಾವು ಬರೆದಿದ್ದೆವು. ಈ ಸಲ ಹಪ್ಪಳ ಸಂಡಿಗೆಗಳ ವಿಷಯವನ್ನು ಎತ್ತಿಕೊಳ್ಳುವೆವೆಂದು ವಾಚಕಭಗಿನಿಯರಿಗೆ ಮಾತು ಕೊಟ್ಟದ್ದೂ ನೆನಪಿನಲ್ಲಿದೆ. ಆದರೆ ಬರೆಯಲು ಕುಳಿತಾಗ ಮನಸ್ಸು ಸಂಡಿಗೆಯ ಮೇಲೆ ನಿಲ್ಲದೆ, ಕಳೆದ ಮಾಗಿಯಲ್ಲಿ ನಾವು ಕೈಕೊಂಡ ಒಂದು ಪ್ರವಾಸದ ಕಡೆಗೇ ಓಡುತ್ತಲಿದೆ. ಬಿಸಿಲು ಇನ್ನೂ ಮುಂದೆ ಉಂಟು, ಸಂಡಿಗೆಗೆ ಅವಸರವಿಲ್ಲ. ಆದಕಾರಣ ಈ ತಿಂಗಳು ಮನೆಯಂಗಳವನ್ನು ದಾಟಿ ತುಸು ದೂರದ ಮಾತನ್ನು ಆಡಲು ಅಪ್ಪಣೆಯಾಗಬೇಕು.

ನಮ್ಮ ಅಣ್ಣನವರ ಮಗನು ಉದ್ಯೋಗದ ಸಲುವಾಗಿ ಇಟಲಿ ದೇಶದಲ್ಲಿ ಇರುತ್ತಾನೆ. ಅವನು ತನ್ನ ರಜೆಯ ಎಂಟು ದಿನಗಳನ್ನು ಭೂಮಧ್ಯ ಸಮುದ್ರದ ದಂಡೆಯಲ್ಲಿ ಸೈಕಲ್ಲಿನ ಮೇಲೆ ತಿರುಗಾಡಿ ಕಳೆದು, ಆ ವೃತ್ತಾಂತವನ್ನೂ ಚಿತ್ರಗಳನ್ನೂ ತನ್ನ ತಂದೆಗೂ ನಮಗೂ ಒಂದೇ ಸಲಕ್ಕೆ ಫೋನಿನ ಮೂಲಕ ಕಳಿಸಿದನು. ಅವನು ಹೋದದ್ದು ಸಿಸಿಲಿ ಎಂಬ ದ್ವೀಪದ ಪಶ್ಚಿಮದ ಅಂಚಿಗೆ. ಅಲ್ಲಿ ತ್ರಾಪಾನಿ, ಮಾರ್ಸಾಲಾ ಎಂಬ ಎರಡು ಊರುಗಳ ನಡುವೆ ಸಮುದ್ರವು ತೀರ ತೆಳುವಾಗಿ, ನಮ್ಮ ಕೆರೆಯ ನೀರಿನಂತೆ ಅಲುಗದೆ ನಿಂತಿರುವದಂತೆ. ದಂಡೆಯುದ್ದಕ್ಕೂ ಉಪ್ಪಿನ ಮಡಿಗಳು. ನಡುನಡುವೆ ಹಳೆಯ ಗಾಳಿಗಿರಣಿಗಳು. ತೆಗೆದಿಟ್ಟ ಉಪ್ಪಿನ ರಾಶಿಗಳ ಮೇಲೆ ಮಳೆ ಧೂಳುಗಳು ತಾಗದಂತೆ ಮನೆಯ ಮಾಡಿಗೆ ಹೊದಿಸುವ ಹಾಗೆ ಹೆಂಚು ಹೊದಿಸುತ್ತಾರಂತೆ. ಅದೇ ದೇಶದ ಉತ್ತರದಲ್ಲಿ, ರೈಲು ಹಳಿಗಳನ್ನು ಒಳನಾಡಿಗೆ ಸರಿಸಿದ ಮೇಲೆ ಉಳಿದ ಕಡಲಂಚಿನ ಹಳೆಯ ದಾರಿಯನ್ನು 24 ಕಿಲೋಮೀಟರಿನಷ್ಟು ಸೈಕಲ್ಲಿನವರಿಗೂ ನಡೆಯುವವರಿಗೂ ಬಿಟ್ಟುಕೊಟ್ಟಿರುವರು. ಸ್ಪೇನಿನಿಂದ ಸೈಪ್ರಸ್ ದ್ವೀಪದ ವರೆಗೆ ಸೈಕಲ್ಲಿನವರ ಸಲುವಾಗಿಯೇ ಗುರುತಿಸಿದ ಒಂದು ಮಹಾಮಾರ್ಗವೂ ಉಂಟು. ಇಷ್ಟೆಲ್ಲ ಬರೆದು ಹುಡುಗನು ಕೊನೆಗೆ ಕೇಳಿದ್ದೇನೆಂದರೆ: “ಅಪ್ಪಾ, ಕಾಕಾ, ನೀವಿಬ್ಬರೂ ಸಣ್ಣವರಿದ್ದಾಗ ಕುಮಟಾಕ್ಕ ಹೊಂಟಿದ್ರಿ ಅಂತ ಹೇಳ್ತಿದ್ರಲ್ಲಾ, ಆ ದಾರಿ ಇನ್ನೂ ಐತೇನು?”

ಈ ಪ್ರಶ್ನೆಯ ಹಿಂದೆ ಒಂದು ಕಥೆಯಿದೆ.

ನಮ್ಮ ಅಜ್ಜನವರ ಅಜ್ಜನವರು ಹತ್ತಿಯ ಗಾಡಿ ಹೊಡೆಯುತ್ತಿದ್ದರಂತೆ. ರೈಲು ಬರುವದಕ್ಕಿಂತ ಮೊದಲು ನಮ್ಮ ಸೀಮೆಯ ಹತ್ತಿಯೆಲ್ಲ ಎತ್ತಿನ ಬೆನ್ನಿನ ಮೇಲೆಯೂ ಗಾಡಿಗಳಲ್ಲಿಯೂ ಘಟ್ಟವಿಳಿದು ಕುಮಟೆಯ ಬಂದರಿಗೆ ಹೋಗಿ, ಅಲ್ಲಿಂದ ಹಡಗು ಹತ್ತಿ ಮುಂಬಯಿಗೆ ಸೇರುತ್ತಿದ್ದಿತು. ಅಮೇರಿಕೆಯಲ್ಲಿ 1861ರಿಂದ 1865ರ ವರೆಗೆ ಒಳಯುದ್ಧ ನಡೆದು ಅಲ್ಲಿಯ ಹತ್ತಿ ವಿಲಾಯತಿಗೆ ಬಾರದಾದಾಗ ಈ ದಾರಿಯ ಮೇಲಿನ ಸಂಚಾರವು ಹೇಳತೀರದಷ್ಟು ಹೆಚ್ಚಿತು. ಉತ್ತರ ಕನ್ನಡ ಜಿಲ್ಲೆಯನ್ನು 1862ರಲ್ಲಿ ಮದ್ರಾಸ ಇಲಾಖೆಯಿಂದ ತೆಗೆದು ಮುಂಬಯಿ ಇಲಾಖೆಗೆ ಸೇರಿಸಿದ್ದಕ್ಕೂ ಈ ಹತ್ತಿಯ ಚಿಂತೆಯೇ ದೊಡ್ಡ ಕಾರಣ. ಇದರಲ್ಲಿ ಒಂದು ತಮಾಷೆಯುಂಟು. ನಮ್ಮ ಕರಿಮಣ್ಣಿನಲ್ಲಿ ಬೆಳೆದ ಜವಾರಿ ಹತ್ತಿಗೆ ಪೇಟೆಯವರು ಇಟ್ಟ ಹೆಸರು ‘ಕುಮಟಾ ಹತ್ತಿ’! ಬೆವರು ಸುರಿಸಿದವರು ನಾವು, ಹೆಸರು ಮಾತ್ರ ಹಡಗು ಹತ್ತಿಸಿದ ಊರಿನದು. 1880ರ ದಶಕದಲ್ಲಿ ನಮ್ಮ ಕಡೆಗೆ ರೈಲು ಬಂದ ಮೇಲೆ ಗಾಡಿಗಳು ನಿಂತವು, ಬಂದರು ಬಡವಾಯಿತು. ಹತ್ತಿ ಇಳಿಸಿದ ಗಾಡಿಗಳು ಬರುವಾಗ ಉಪ್ಪನ್ನೂ ತೆಂಗಿನಕಾಯಿಯನ್ನೂ ತರುತ್ತಿದ್ದವಂತೆ. ಸಮುದ್ರವನ್ನು ಸ್ವತಃ ಕಾಣದ ನಮ್ಮ ಅಜ್ಜನವರು ತಮ್ಮ ಅಜ್ಜನಿಂದ ಕೇಳಿದ ಒಂದು ಮಾತನ್ನು ಮಾತ್ರ ನಮಗೆ ಮೇಲಿಂದ ಮೇಲೆ ಹೇಳುತ್ತಿದ್ದರು: “ಸಮುದ್ರ ಕಾಣೂಕಿಂತ ಮೊದಲ ಕೇಳತೈತಿ.”

ಆ ಮಾತಿನ ಬೆನ್ನುಹತ್ತಿ 1971ನೆಯ ಇಸವಿಯಲ್ಲಿ, ನಮಗೆ ಹನ್ನೊಂದು ಅಣ್ಣನವರಿಗೆ ಹದಿನಾಲ್ಕು ವರ್ಷವಿದ್ದಾಗ, ಹಾವೇರಿಯ ಒಂದು ಅಂಗಡಿಯಲ್ಲಿ ತಾಸಿಗೆ ನಾಲ್ಕಾಣೆಯಂತೆ ಒಂದು ಸೈಕಲ್ಲನ್ನು ಬಾಡಿಗೆ ಹಿಡಿದು, ಯಾರಿಗೂ ಹೇಳದೆ ಕುಮಟೆಗೆ ಹೊರಟೆವು. ಅಣ್ಣನವರು ತುಳಿಯುವದು, ನಾವು ಮುಂದಿನ ದಂಡಿಗೆಯ ಮೇಲೆ ಕುಳಿತುಕೊಳ್ಳುವದು. ಸಂಜೆಗೆ ಹಾನಗಲ್ಲಿನ ಆನಿಕೆರೆಯ ದಂಡೆಯ ಮೇಲೆ ಹಸಿವೆಯಿಂದ ಕುಳಿತಿದ್ದಾಗ ಪರಿಚಯದವರೊಬ್ಬರು ಗುರುತು ಹಿಡಿದು, ಭತ್ತದ ಲಾರಿಯ ಮೇಲೆ ನಮ್ಮನ್ನೂ ಸೈಕಲ್ಲನ್ನೂ ಏರಿಸಿ ಕಳಿಸಿದರು. ಪಾಂಡವರು ಅಜ್ಞಾತವಾಸ ಮಾಡಿದ ವಿರಾಟನಗರವು ಹಾನಗಲ್ಲೇ ಎಂದು ಜನ ಹೇಳುತ್ತಾರೆ. ಪಾಂಡವರಿಗೆ ದೊರೆತ ಒಂದು ವರ್ಷದ ಅಜ್ಞಾತವಾಸವು ನಮಗೆ ಒಂದು ತಾಸು ಕೂಡ ದೊರೆಯಲಿಲ್ಲ. ಮನೆಯಲ್ಲಿ ತಂದೆಯವರು ಬೆತ್ತ ತೆಗೆದಾಗ ಅಣ್ಣನವರು, “ಅಂವಾ ಬರೂದಿಲ್ಲಂತ ಅಳತಿದ್ದ, ನಾನ ಎಳಕೊಂಡು ಹೋದೆ” ಎಂದರು. ಅದು ಸುಳ್ಳು. ಕುಮಟೆಯ ಹಟ ಹಿಡಿದವರು ನಾವೇ. ಎರಡೂ ಪಾಲಿನ ಏಟು ಅವರಿಗೆ ಬಿದ್ದವು.

ಇಂಥ ಅಣ್ಣನವರೊಡನೆ ನಾವು ಏಳು ವರ್ಷ ಮಾತು ಬಿಟ್ಟಿದ್ದೆವೆಂದರೆ ವಾಚಕರು ಏನೆಂದಾರು? ಸಂಗತಿಯನ್ನು ಮುಚ್ಚಿಡುವದರಲ್ಲಿ ಅರ್ಥವಿಲ್ಲ. ತಂದೆಯವರ ತರುವಾಯ ಹೊಲಗಳು ಪಾಲಾದವು. ಬಾವಿಯಿದ್ದ ತುಂಡು ನಮ್ಮ ಪಾಲಿಗೆ ಬಂದಿತು. ಅದರ ನೀರನ್ನು ಸರದಿಯ ಮೇಲೆ ಇಬ್ಬರೂ ಬಳಸತಕ್ಕದ್ದೆಂದು ಹಿರಿಯರ ಮುಂದೆ ಮಾತಾಗಿತ್ತೇ ಹೊರತು ಕಾಗದದಲ್ಲಿ ಬರೆದಿರಲಿಲ್ಲ. ಪಟ್ಟಣದಲ್ಲಿರುವ ನಾವು ಹೊಲವನ್ನು ಲಾವಣಿಗೆ ಕೊಟ್ಟೆವು. ಲಾವಣಿಯವನು ಒಂದು ಬರಗಾಲದ ವರ್ಷ ಅಣ್ಣನವರ ಮೆಣಸಿನಗಿಡಕ್ಕೆ ನೀರು ಬಿಡಲಿಲ್ಲ. ಅವರು ಎರಡು ಸಲ ಹೇಳಿಕಳಿಸಿದರು. ನಾವು ಇಂದು ನಾಳೆ ಎನ್ನುತ್ತ ಹೋದೆವು. ಮೂರನೆಯ ಸಲ ತಾವೇ ಬಂದು ಕೇಳಿದಾಗ ನಮ್ಮ ಬಾಯಿಂದ, “ಕಾಗದದಾಗ ಎಲ್ಲೈತಿ?” ಎಂಬ ಮಾತು ಹೊರಟುಹೋಯಿತು. ಅವರು ಚಹದ ಬಟ್ಟಲನ್ನು ಕೆಳಗಿಟ್ಟು ಎದ್ದು ಹೋದರು. ಆ ಮೇಲೆ ಏಳು ಸಂಕ್ರಮಣಗಳು ಬಂದವು. ಅತ್ತಿಗೆಯವರೂ ನಮ್ಮ ಮನೆಯವರೂ ಕುಸುರೆಳ್ಳನ್ನು ಹುಡುಗರ ಕೈಯಲ್ಲಿ ಅತ್ತಿಂದಿತ್ತ ಕಳಿಸುತ್ತಿದ್ದರು. ನಾವಿಬ್ಬರು ಮಾತ್ರ ಒಬ್ಬರ ಕೈಯಿಂದ ಒಬ್ಬರು ಎಳ್ಳು ಬೆಲ್ಲ ತೆಗೆದುಕೊಳ್ಳಲಿಲ್ಲ.

ಹುಡುಗನ ಪತ್ರ ಬಂದ ಮೂರನೆಯ ದಿನ ಬೆಳಗಿನಲ್ಲಿ ಬಾಗಿಲ ಮುಂದೆ ಗಂಟೆಯ ಸಪ್ಪಳವಾಯಿತು. ಹೋಗಿ ನೋಡಿದರೆ ಅಣ್ಣನವರು ತಮ್ಮ ಹಳೆಯ ಕರಿಯ ಸೈಕಲ್ಲನ್ನು ಹಿಡಿದುಕೊಂಡು ನಿಂತಿರುವರು. ಹಿಂದಿನ ಕ್ಯಾರಿಯರಿಗೆ ಮೆಣಸಿನಕಾಯಿಯ ಒಂದು ಚೀಲವನ್ನು ಬಿಗಿದಿತ್ತು. ಒಳಗೆ ಬರಲಿಲ್ಲ. “ನಾಡದು ಕುಮಟಾಕ್ಕ ಹೊಂಟೇನಿ. ಬರಾಂವ ಇದ್ದರ ಬಾ” ಎಂದಿಷ್ಟೇ ಹೇಳಿ ಗಾಡಿಯನ್ನು ತಿರುಗಿಸಿದರು.

ನಮ್ಮ ಮನೆಯವರಿಗೆ ಇದು ಸಂತೋಷವೂ ಆಯಿತು, ಸಿಟ್ಟೂ ಬಂದಿತು. ಅರವತ್ತು ದಾಟಿದವರಿಗೆ ಇದೇನು ಹುಡುಗಾಟವೆಂದರು. ಕಾದಂಬರಿಕಾರರಾದ ಗಳಗನಾಥರು ತಮ್ಮ ಪುಸ್ತಕದ ಗಂಟನ್ನು ಹೊತ್ತು ಊರೂರು ತಿರುಗಿದವರು, ಅವರೂ ನಮ್ಮ ಸೀಮೆಯವರೇ, ನಮಗಾದರೋ ಗಾಲಿಗಳುಂಟು ಎಂದು ನಾವು ವಾದಿಸಿದೆವು. “ಅವರು ಪುಸ್ತಕ ಮಾರಾಕ ಹೋಗಿದ್ರು, ನೀವು ಕಾಲು ಮುರಕೊಳ್ಳಾಕ ಹೊಂಟೀರಿ” ಎಂದು ಅವರು ಒಳಗೆ ಹೋದರು. ಹೋಗಿ ಎಳ್ಳು ಹಚ್ಚಿದ ಸಜ್ಜಿಯ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿಗಳನ್ನು ಇಬ್ಬರಿಗೆ ಸಾಲುವಷ್ಟು ಕಟ್ಟಿದರು. ಬಿಸಿಲಿನಲ್ಲಿ ಮೂರು ದಿನ ಕೆಡದೆ ಉಳಿಯುವ ಬುತ್ತಿ ಇದಕ್ಕಿಂತ ಬೇರೆ ಇಲ್ಲವೆಂಬದನ್ನು ಪ್ರವಾಸಕ್ಕೆ ಹೊರಡುವವರು ನೆನಪಿಡಬೇಕು.

ನಮ್ಮಲ್ಲಿ ಸೈಕಲ್ಲು ಇರಲಿಲ್ಲವಾದ್ದರಿಂದ ನೆರೆಮನೆಯ ಹುಡುಗನ ಹೊಸ ಬಗೆಯ ಗಾಡಿಯನ್ನು ಕಡ ತಂದೆವು. ಅದಕ್ಕೆ ಏರಿಗೆ ಬೇರೆ, ಇಳಿಜಾರಿಗೆ ಬೇರೆ ಹಲ್ಲಿನ ಚಕ್ರಗಳು. ಅವುಗಳನ್ನು ಬದಲಿಸುವ ಕೀಲಿಯ ಮರ್ಮವು ನಮಗೆ ಹಾನಗಲ್ಲಿನ ವರೆಗೂ ತಿಳಿಯಲಿಲ್ಲ. ಸೀಟಂತೂ ಈಳಿಗೆಯ ಮಣೆಯ ಅಲಗಿನಂತೆ ಇತ್ತು. ಅಣ್ಣನವರದು ಸ್ಪ್ರಿಂಗಿನ ಅಗಲವಾದ ಸೀಟು, ನೇರ ಬೆನ್ನು, ಭಾರವಾದ ಚೌಕಟ್ಟು. 1885ರಲ್ಲಿ ಸ್ಟಾರ್ಲಿ ಎಂಬ ಆಂಗ್ಲನು ಎರಡೂ ಗಾಲಿಗಳನ್ನು ಸಮನಾಗಿ ಮಾಡಿ ಚೈನಿನಿಂದ ಓಡುವ ಸೈಕಲ್ಲನ್ನು ಪೇಟೆಗೆ ತಂದನು. 1888ರಲ್ಲಿ ಡನ್ಲಪ್ ಎಂಬವನು ಗಾಳಿ ತುಂಬಿದ ಟೈರನ್ನು ಕಲ್ಪಿಸಿದನು. ಅಂದಿನಿಂದ ಇಂದಿನ ವರೆಗೆ ಆ ಕರಿಯ ಸೈಕಲ್ಲಿನ ಮೈಕಟ್ಟು ಹೆಚ್ಚು ಬದಲಾಗಿಲ್ಲ. ದಾರಿಯಲ್ಲಿ ಶಾಲೆಗೆ ಹೋಗುವ ಹೆಣ್ಣುಮಕ್ಕಳು ಸಾಲುಸಾಲಾಗಿ ಸೈಕಲ್ಲಿನ ಮೇಲೆ ನಮ್ಮನ್ನು ಹಿಂದೆ ಹಾಕಿ ನಗುತ್ತ ಹೋದರು. ಎಂಟನೆಯ ಇಯತ್ತೆಯ ಮಕ್ಕಳಿಗೆ ಸರಕಾರವು 2006–07ರಲ್ಲಿ ಸೈಕಲ್ಲು ಕೊಡಲಾರಂಭಿಸಿದ ಮೇಲೆ ನಮ್ಮ ಹಳ್ಳಿಗಳಲ್ಲಿ ಹುಡುಗಿಯರು ಸೈಕಲ್ಲು ಹತ್ತುವದನ್ನು ಕುರಿತು ಹುಬ್ಬು ಏರಿಸುವವರು ಕಡಿಮೆಯಾದರು. ನಮ್ಮ ತಂಗಿಯು 1975ರಲ್ಲಿ ಅಂಗಳದೊಳಗೆ ಒಂದು ಸುತ್ತು ಹಾಕಿದ್ದಕ್ಕೇ ಮನೆಯಲ್ಲಿ ರಾಮಾಯಣವಾಗಿತ್ತು.

ಮೊದಲನೆಯ ದಿನ ಹಾನಗಲ್ಲಿನಲ್ಲೇ ಉಳಿದೆವು. ದೂರವು 30 ಕಿಲೋಮೀಟರಿಗಿಂತ ತುಸು ಹೆಚ್ಚು. ನಮ್ಮ ಕಾಲುಗಳಿಗೆ ಅದೇ ಬೇಕಾದಷ್ಟಾಗಿತ್ತು. ತಾರಕೇಶ್ವರ ದೇವಾಲಯದ ಮಂಟಪದಲ್ಲಿ ಅಂಗಾತ ಮಲಗಿ ಮೇಲಿನ ಎಂಟು ಮೂಲೆಯ ಚಾವಣಿಯಿಂದ ಇಳಿಬಿದ್ದ ಕಲ್ಲಿನ ಕಮಲವನ್ನು ಬಹಳ ಹೊತ್ತು ನೋಡಿದೆವು. ಆನಿಕೆರೆಯ ದಂಡೆಗೂ ಹೋದೆವು. ಐವತ್ತು ವರ್ಷಗಳ ಹಿಂದೆ ಕುಳಿತ ಜಾಗವನ್ನು ಇಬ್ಬರೂ ಗುರುತು ಹಿಡಿದೆವು. ಗುರುತು ಹಿಡಿದೆವೆಂದು ಇಬ್ಬರಿಗೂ ಗೊತ್ತಾಯಿತು. ಆದರೂ ಬಾಯಿ ಬಿಡಲಿಲ್ಲ. ಆ ದಿನ ನಮ್ಮಿಬ್ಬರ ನಡುವೆ ಆದ ಮಾತುಗಳೆಂದರೆ ‘ನೀರು’, ‘ಊಟ’, ‘ನಿಲ್ಲು’, ‘ನಡಿ’ ಇವಿಷ್ಟೇ.

ಆ ರಾತ್ರಿ ಸೈಕಲ್ಲುಗಳನ್ನು ಒಳಗಿಡುವಾಗ ಅಣ್ಣನವರ ಗಾಡಿಯ ಬ್ರೇಕಿನ ರಬ್ಬರುಗಳು ತೀರ ಸವೆದುಹೋಗಿ ಕಬ್ಬಿಣವು ಇಣಿಕುತ್ತಿರುವದು ನಮ್ಮ ಕಣ್ಣಿಗೆ ಬಿದ್ದಿತು. ಬಯಲುಸೀಮೆಯಲ್ಲಿ ಅಂಥ ಗಾಡಿಯಿಂದ ವರ್ಷಗಟ್ಟಲೆ ನಡೆದೀತು, ಘಟ್ಟದಲ್ಲಿ ನಡೆಯದು. ಇದನ್ನು ಹೇಳಬೇಕೆಂದು ನಾಲಿಗೆಯ ತುದಿಗೆ ಬಂದಿತು. ಹೇಳಿದರೆ ಹಿರಿಯರ ಗಾಡಿಯಲ್ಲಿ ಕಿರಿಯನು ದೋಷ ತೆಗೆದಂತಾಗುವದು, ಅದಕ್ಕೊಂದು ಉತ್ತರ, ಉತ್ತರಕ್ಕೊಂದು ಮರುತ್ತರ, ಬೇಡವೆಂದು ಸುಮ್ಮನಾದೆವು. ಅವರ ಗಾಡಿ, ಅವರೇ ನೋಡಿಕೊಳ್ಳುವರು ಎಂದೂ ಮನಸ್ಸಿನ ಒಂದು ಮೂಲೆಯು ಹೇಳಿತು. ಆ ಮೂಲೆಯನ್ನು ಈಗ ನೆನೆದರೆ ಮೈ ನಡುಗುವದು.

ಹಾನಗಲ್ಲಿನಿಂದ ಶಿರಸಿಯ ದಾರಿಯು ಮೆಲ್ಲಮೆಲ್ಲನೆ ಬೇರೊಂದು ನಾಡನ್ನು ಹೊಗುತ್ತದೆ. ಕರಿಮಣ್ಣು ಕೆಂಪಾಗುವದು, ಜೋಳದ ಹೊಲಗಳು ಹೋಗಿ ಭತ್ತದ ಗದ್ದೆಗಳೂ ಮಾವಿನ ತೋಪುಗಳೂ ಬರುವವು, ಆ ಮೇಲೆ ಕಾಡು ಮತ್ತು ಅಡಕೆಯ ತೋಟ. ಆಲೆಮನೆಗಳ ಕಾಲ, ದಾರಿಯ ಬದಿಗೆ ಕಬ್ಬಿನ ಹಾಲಿನ ವಾಸನೆಯು ತಾನಾಗಿಯೇ ಗಾಡಿಯನ್ನು ನಿಲ್ಲಿಸುವದು. ಶಿರಸಿಯಲ್ಲಿ ಮಾರಿಕಾಂಬೆಗೆ ಕಾಯಿ ಒಡೆಸಿದೆವು. ಸೈಕಲ್ಲಿನ ಅಂಗಡಿಯ ಮುಂದೆಯೇ ಹಾದುಹೋದೆವು. ಅಲ್ಲಿಯೂ ಹೇಳಲಿಲ್ಲ.

ಶಿರಸಿಯಿಂದ ಕುಮಟೆಗೆ ಸುಮಾರು 60 ಕಿಲೋಮೀಟರು. ಶಿರಸಿಯು ಕಡಲಿನ ಮಟ್ಟದಿಂದ 600 ಮೀಟರಿನಷ್ಟು ಎತ್ತರದಲ್ಲಿರುವದರಿಂದ ಆ ಎತ್ತರವನ್ನೆಲ್ಲ ಒಂದೇ ದಿನದಲ್ಲಿ ಇಳಿಯಬೇಕು. ದೇವಿಮನೆಯಲ್ಲಿ ದೇವಿಗೆ ಕೈಮುಗಿದು ಘಟ್ಟವನ್ನು ಇಳಿಯಲಾರಂಭಿಸಿದೆವು. ರಸ್ತೆಯನ್ನು ಅಗಲಮಾಡುವ ಕೆಲಸದ ಗುರುತುಗಳು ಎಲ್ಲೆಲ್ಲಿಯೂ ಇದ್ದವು: ಕಡಿದ ಗುಡ್ಡದ ಕೆಂಪು ಮೈ, ಅಗೆದ ಮಣ್ಣಿನ ರಾಶಿ, ಧೂಳು. ಅಣ್ಣನವರು ಒಂದು ನೂರು ಮಾರು ಮುಂದೆ ಇದ್ದರು. ಮೂರನೆಯದೋ ನಾಲ್ಕನೆಯದೋ ತಿರುವಿನಲ್ಲಿ ಕಬ್ಬಿಣವು ಕಬ್ಬಿಣವನ್ನು ಉಜ್ಜುವ ಕರ್ಕಶ ಧ್ವನಿ ಕೇಳಿಸಿತು. ಅವರು ಒಂದು ಕಾಲನ್ನು ನೆಲಕ್ಕೆ ಊರಿ ತಡೆಯಲು ನೋಡಿದರು. ಕಾಲಿನ ಚಪ್ಪಲಿ ಹಾರಿ ಹಿಂದೆ ಬಿದ್ದಿತು. ಎಡಕ್ಕೆ ಕೊಳ್ಳ, ಎದುರಿಗೆ ಏರಿ ಬರುತ್ತಿರುವ ಲಾರಿ. ಅವರು ದಂಡವನ್ನು ಬಲಕ್ಕೆ ತಿರುವಿ, ಲಾರಿಗಿಂತ ಮುಂಚೆ ದಾರಿಯನ್ನು ಅಡ್ಡ ದಾಟಿ, ಗುಡ್ಡದ ಬುಡದ ಮಣ್ಣಿನ ರಾಶಿಯೊಳಕ್ಕೆ ಗಾಡಿಯನ್ನು ನುಗ್ಗಿಸಿಬಿಟ್ಟರು. ಮೆಣಸಿನಕಾಯಿಯ ಚೀಲವು ಹರಿದು ಕೆಂಪು ಮಣ್ಣಿನ ಮೇಲೆ ಕೆಂಪಾಗಿ ಚೆಲ್ಲಿತು. ದೂರದಿಂದ ನೋಡಿದ ನಮಗೆ ಅದು ಮೆಣಸಿನಕಾಯಿಯೆಂದು ತಿಳಿಯಲು ಎಷ್ಟು ಹೊತ್ತು ಹಿಡಿಯಿತೋ ಹೇಳಲಾರೆವು.

ದೇವರ ದಯೆಯಿಂದ ಮೊಣಕಾಲು ಮೊಣಕೈಗಳು ತರಚಿದ್ದವು, ಒಂದು ಮುಂಗೈ ಬಾತಿತ್ತು, ಹೆಚ್ಚಿನದೇನೂ ಆಗಿರಲಿಲ್ಲ. ಲಾರಿಯ ಚಾಲಕನು ನಿಲ್ಲಿಸಿ ಇಳಿದು ಬಂದು ನೀರು ಕೊಟ್ಟನು. ನಮ್ಮನ್ನು ಎರಡು ಮಾತು ಬೈದನು, ಅದೂ ನ್ಯಾಯವಾದದ್ದೇ. ಅವನು ಹೋದ ಮೇಲೆ ಚೆಲ್ಲಿದ ಮೆಣಸಿನಕಾಯಿಯನ್ನು ಆರಿಸುತ್ತ ಕುಳಿತೆವು.

“ಅಣ್ಣಾ, ರಬ್ಬರು ಹೋಗಿದ್ದು ಹಾನಗಲ್ಲದಾಗ ನೋಡಿದ್ದೆ. ಹೇಳಲಿಲ್ಲ” ಎಂದೆವು.

ಅವರು ಒಂದು ಮೆಣಸಿನಕಾಯಿಯ ಮಣ್ಣು ಒರೆಸಿ ಚೀಲಕ್ಕೆ ಹಾಕಿದರು. “ನಾನೂ ನೋಡಿದ್ದೆ. ನಿನ್ನ ಮುಂದ ಅಂಗಡಿ ಹುಡುಕಾಕ ಮನಸ್ಸಾಗಲಿಲ್ಲ.”

ಉಳಿದ ಘಟ್ಟವನ್ನು ಗಾಡಿಗಳನ್ನು ತಳ್ಳಿಕೊಂಡೇ ಇಳಿದೆವು. ಎರಡು ತಾಸಿಗೂ ಹೆಚ್ಚು ಹಿಡಿಯಿತು. ಅರ್ಧ ದಾರಿಯಲ್ಲಿ ಅವರು ತಾವಾಗಿಯೇ, “ಆ ವರ್ಷ ಗಿಡ ಒಣಗಿದ್ದಕ್ಕ ನನಗ ಸಿಟ್ಟಿಲ್ಲ ತಮ್ಮಾ. ಮಳಿ ಇಲ್ಲದ ವರ್ಷ ಯಾರ ಗಿಡ ಉಳದಿದ್ದುವು? ಕಾಗದದಾಗ ಎಲ್ಲೈತಿ ಅಂದಿಯಲ್ಲಾ, ಅದು ನಟ್ಟು ಕುಂತತು” ಎಂದರು. ಬೆತ್ತದ ಏಟಿನ ನೆನಪನ್ನು ನಾವು ಎತ್ತಿದೆವು. ಅವರಿಗೆ ಅದು ಮರೆತೇಹೋಗಿತ್ತು. ಕುಮಟೆಗೆ ಹೋಗಬೇಕೆಂಬ ಹಟವು ತಮ್ಮದೇ ಎಂದು ಅವರು ನಿಜವಾಗಿಯೂ ನಂಬಿದ್ದರು. ಘಟ್ಟದ ಬುಡದ ಕತಗಾಲಿನಲ್ಲಿ ಹೊಸ ರಬ್ಬರುಗಳನ್ನು ಹಾಕಿಸಿದೆವು. ಅವುಗಳ ಬೆಲೆ ಎರಡು ಬಟ್ಟಲು ಚಹಕ್ಕಿಂತ ಹೆಚ್ಚಾಗಲಿಲ್ಲ.

ಆ ರಾತ್ರಿ ಉಳಿದದ್ದು ಕುಮಟೆಯ ಆಚೆಗೆ, ಕಡಲಿಗೆ ಸಮೀಪದ ಕಾಗಾಲಿನಲ್ಲಿ, ಅಣ್ಣನವರ ಬಹುಕಾಲದ ಸ್ನೇಹಿತರ ಮನೆಯಲ್ಲಿ. ಅವರಿಗೆ ಪ್ರತಿ ವರ್ಷವೂ ನಮ್ಮ ಕಡೆಯ ಮೆಣಸಿನಕಾಯಿ ಹೋಗುವದು. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತಿನ ಮುದ್ರೆ ದೊರೆತದ್ದನ್ನು ಆ ಮನೆಯ ಹಿರಿಯರು ನಮಗಿಂತ ಚೆನ್ನಾಗಿ ಬಲ್ಲರು. ಹೊಸ್ತಿಲು ದಾಟುತ್ತಲೇ ಬೆಲ್ಲವೂ ನೀರೂ ಬಂದವು. “ಆಸರಿಗೆ ಏನು ಬೇಕು?” ಎಂದು ಕೇಳುವ ಆ ಸೀಮೆಯ ಉಪಚಾರವನ್ನು ನಾವು ಬಯಲುಸೀಮೆಯವರು ಕಲಿಯತಕ್ಕದ್ದು. ಗಾಯಗಳಿಗೆ ಮದ್ದು ಹಾಕಿದ ಮೇಲೆ ಆ ಮನೆಯ ತಾಯಿಯವರು ತೊಡೆದೇವು ಮಾಡಿ ಬಡಿಸಿದರು. ಇದನ್ನು ಮಾಡುವ ಬಗೆಯನ್ನು ಹೇಳದೆ ಮುಂದೆ ಹೋದರೆ ವಾಚಕಭಗಿನಿಯರು ನಮ್ಮನ್ನು ಕ್ಷಮಿಸಲಿಕ್ಕಿಲ್ಲ. ದುಂಡನೆಯ ಮಣ್ಣಿನ ಗಡಿಗೆಯನ್ನು ಬೋರಲಾಗಿಟ್ಟು ಅದರ ಕೆಳಗೆ ಉರಿ ಮಾಡುವದು. ಅಕ್ಕಿಯ ಹಿಟ್ಟನ್ನು ಕಬ್ಬಿನ ಹಾಲಿನಲ್ಲಿ ನೀರಾಗಿ ಕಲಸಿ, ಕೋಲಿಗೆ ಕಟ್ಟಿದ ಬಟ್ಟೆಯನ್ನು ಅದರಲ್ಲಿ ಅದ್ದಿ, ಕಾದ ಗಡಿಗೆಯ ಬೆನ್ನಿನ ಮೇಲೆ ಒಂದೇ ಬೀಸಿಗೆ ಎಳೆಯುವದು. ಕಾಗದದಷ್ಟು ತೆಳುವಾದ ಹಾಳೆಯು ಬೆಂದು ಅಂಚು ಬಿಡುವಾಗ ಮೆಲ್ಲಗೆ ಎಬ್ಬಿಸಿ, ಬಿಸಿಯಿರುವಾಗಲೇ ಮಡಿಚಬೇಕು. ತಣಿದರೆ ಮುರಿಯುವದು. ತುಪ್ಪದೊಡನೆಯೂ ಹಾಲಿನೊಡನೆಯೂ ತಿನ್ನುವರು. ಹೇಳುವಷ್ಟು ಸುಲಭವಲ್ಲ, ನಾವು ಎಳೆದದ್ದು ಗಡಿಗೆಗೇ ಹತ್ತಿಕೊಂಡಿತು.

ಜಗುಲಿಯ ಮೇಲೆ ಹಾಸಿಗೆ ಹಾಸಿದ್ದರು. ದೀಪ ಆರಿದ ಮೇಲೆ ತೋಟದ ಆಚೆಯಿಂದ ಒಂದು ಸಪ್ಪಳ ಕೇಳತೊಡಗಿತು. ಗಾಳಿಯೆಂದು ತಿಳಿದೆವು. “ತಮ್ಮಾ, ಕೇಳಿದಿ?” ಎಂದರು ಅಣ್ಣನವರು. ಕತ್ತಲಲ್ಲಿ ಕುಳಿತು ಬಹಳ ಹೊತ್ತು ಕೇಳಿದೆವು. ಅಜ್ಜನವರ ಅಜ್ಜನವರು ಗಾಡಿಯ ಕೆಳಗೆ ಮಲಗಿ ಕೇಳಿದ್ದೂ ಇದೇ ಇದ್ದೀತು.

ಮರುದಿನ ಕಡಲನ್ನು ಕಂಡೆವು. ಅದನ್ನು ವರ್ಣಿಸುವ ಶಕ್ತಿಯು ನಮ್ಮ ಲೇಖನಿಗಿಲ್ಲ. ಕಂಡವರಿಗೆ ಬೇಕಿಲ್ಲ, ಕಾಣದವರಿಗೆ ಸಾಲದು. ದಾರಿಯ ಮಾತನ್ನು ಹೇಳುವೆವು. ಕುಮಟೆಯಿಂದ ಬಾಡ, ಕಾಗಾಲುಗಳನ್ನು ಹಾದು ಅಘನಾಶಿನಿ ಎಂಬ ಹಳ್ಳಿಗೆ ಮುಟ್ಟುವ ಕಿರಿದಾದ ರಸ್ತೆಯು ಸೈಕಲ್ಲಿನವರ ಸಲುವಾಗಿಯೇ ಮಾಡಿದಂತಿದೆ. ತೆಂಗಿನ ತೋಟ, ಗಾಳಿಮರಗಳ ಸಾಲು, ಬಲೆ ಒಣಗಿಸುವ ಅಂಗಳಗಳು. ಹೆದ್ದಾರಿಯ ಗದ್ದಲವು ಇಲ್ಲಿಗೆ ಮುಟ್ಟುವದಿಲ್ಲ. ದಾರಿಯ ಕೊನೆಗೆ ಅಘನಾಶಿನಿ ನದಿಯೇ ಅಡ್ಡವಾಗುವದು. ಅಲ್ಲಿ ಗಾಡಿಗಳೊಡನೆ ದೋಣಿಯನ್ನು ಹತ್ತಿ ಆಚೆಯ ದಡದ ತದಡಿಗೆ ದಾಟಬೇಕು. ದೋಣಿಯಲ್ಲಿ ಮೀನಿನ ಬುಟ್ಟಿಯ ಹೆಂಗಸರು ಅಣ್ಣನವರ ಮೊಣಕೈಯ ಪಟ್ಟಿಯನ್ನು ನೋಡಿ ಘಟ್ಟದಲ್ಲಿ ಬಿದ್ದಿರೇ ಎಂದು ತಾವಾಗಿಯೇ ಕೇಳಿದರು. ಮೇಲಿನಿಂದ ಸೈಕಲ್ಲಿನಲ್ಲಿ ಬರುವವರ ರೀತಿಯೇ ಇದೆಂದು ಅವರಿಗೆ ಗೊತ್ತಿದ್ದಂತೆ ತೋರಿತು.

ಶಿರಸಿಯ ಬದಿಗೆ ಹುಟ್ಟಿ ಒಂದೂ ದೊಡ್ಡ ಅಣೆಕಟ್ಟಿಲ್ಲದೆ ಕಡಲು ಸೇರುವ ನದಿ ಇದು. ಇಳಿತದ ಹೊತ್ತಿಗೆ ನೂರಾರು ಜನ ಹೆಂಗಸರೂ ಗಂಡಸರೂ ಸೊಂಟದ ನೀರಿನಲ್ಲಿ ನಿಂತು ಬಳಚು ಎಂಬ ಚಿಪ್ಪುಗಳನ್ನು ಆಯುತ್ತಿದ್ದರು. ಶಾಖಾಹಾರಿಗಳಾದ ನಮಗೆ ಅದರ ರುಚಿ ತಿಳಿಯದು. ಆದರೆ ಹೊಲವಿಲ್ಲದವರಿಗೆ ಈ ನದಿಯೇ ಹೊಲವೆಂಬದು ತಿಳಿಯಿತು. ದಂಡೆಯ ಗಜನಿ ಭೂಮಿಯಲ್ಲಿ ‘ಕಗ್ಗ’ವೆಂಬ ಭತ್ತವನ್ನು ಬೆಳೆಯುವರು. ಅದು ಉಪ್ಪುನೀರನ್ನು ತಾಳಿಕೊಳ್ಳುತ್ತದೆ. ನೆರೆಯಲ್ಲಿಯೂ ತಲೆಯೆತ್ತಿ ನಿಲ್ಲುತ್ತದೆ. ಭತ್ತ ಕೊಯ್ದ ಮೇಲೆ ಅದೇ ಗದ್ದೆಯಲ್ಲಿ ಸೀಗಡಿ ಮೀನುಗಳು. ಒಂದೇ ನೆಲವು ಅರ್ಧ ವರ್ಷ ಅಕ್ಕಿಯನ್ನೂ ಅರ್ಧ ವರ್ಷ ಮೀನನ್ನೂ ಕೊಡುವದನ್ನು ಕಂಡು ಅಣ್ಣನವರು ಕೆಸರಿಗಿಳಿದು ಮಣ್ಣನ್ನು ಕೈಯಲ್ಲಿ ಹಿಡಿದು ನೋಡಿದರು. ಈ ಅಳಿವೆಗೆ ಒಂದು ಕಾಲಕ್ಕೆ ಶಾಖದಿಂದ ವಿದ್ಯುತ್ತು ಮಾಡುವ ಸ್ಥಾವರವೆಂದೂ ಇನ್ನೊಂದು ಕಾಲಕ್ಕೆ ದೊಡ್ಡ ಬಂದರೆಂದೂ ಯೋಜನೆಗಳು ಕೇಳಿಬಂದಿದ್ದವು. 2024ರಲ್ಲಿ ಇದನ್ನು ಜಗತ್ತಿನ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿಸಿದರು. ಪಟ್ಟಿಯಿಂದ ಚಿಪ್ಪು ಆಯುವವರ ಬುಟ್ಟಿ ಎಷ್ಟು ತುಂಬೀತೋ, ಅದನ್ನು ಮುಂದಿನ ಕಾಲ ಹೇಳಬೇಕು.

ತದಡಿಯಿಂದ ಗೋಕರ್ಣದ ಕಡೆಗೆ ಹೋಗುವಾಗ ಸಾಣಿಕಟ್ಟೆಯ ಉಪ್ಪಿನಾಗರಗಳು. ಭರತದ ನೀರನ್ನು ಒಳಗೆ ಬಿಟ್ಟುಕೊಂಡು, ಮಡಿಯಿಂದ ಮಡಿಗೆ ಸರಿಸುತ್ತ ಬಿಸಿಲಿಗೆ ಗಟ್ಟಿಮಾಡಿ, ಕೊನೆಯ ಮಡಿಯಲ್ಲಿ ಹರಳು ಕಟ್ಟಿದ ಮೇಲೆ ಬಳಿದು ತೆಗೆಯುವರು. ಹುಡುಗನು ಸಿಸಿಲಿಯಲ್ಲಿ ಕಂಡದ್ದೂ ಇದೇ ವಿದ್ಯೆ. ಗಾಳಿಗಿರಣಿ ಇಲ್ಲ, ಹೆಂಚಿನ ಹೊದಿಕೆ ಇಲ್ಲ. ಆದರೆ ಮಡಿಗಳು ಅವೇ, ಬೆಳ್ಳಕ್ಕಿಗಳು ಅವೇ. ಅಲ್ಲಿ ನಿಂತು ಒಂದು ಚಿತ್ರ ತೆಗೆದು ಅವನಿಗೆ ಕಳಿಸಿದೆವು. ಚಿತ್ರದಲ್ಲಿ ತಂದೆಯೂ ಕಾಕನೂ ಒಟ್ಟಿಗೆ ಇದ್ದುದನ್ನು ಕಂಡು ಅವನು ಕೂಡಲೆ ಫೋನು ಮಾಡಿದನು, ಮಾಡಿ ಏನೂ ಮಾತಾಡಲಿಲ್ಲ. “ಯಾಕೋ?” ಎಂದು ಅಣ್ಣನವರು ಗದರಿಸಿದರು.

ಉಪ್ಪೆಂದಾಗ ಇನ್ನೊಂದು ನೆನಪು. 1930ರಲ್ಲಿ ಗಾಂಧಿಯವರೊಡನೆ ದಾಂಡಿಗೆ ನಡೆದವರಲ್ಲಿ ನಮ್ಮ ಬ್ಯಾಡಗಿ ತಾಲೂಕಿನ ಮೋಟೆಬೆನ್ನೂರಿನ ಮೈಲಾರ ಮಹಾದೇವನಿದ್ದನು. ಅದೇ ವರ್ಷ ಏಪ್ರಿಲ್ 13ರಂದು ಇದೇ ಕರಾವಳಿಯ ಅಂಕೋಲೆಯಲ್ಲಿ ಎಂ. ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಉಪ್ಪಿನ ಕಾಯಿದೆಯನ್ನು ಮುರಿದರು. ಮಹಾದೇವನು 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದನು. ಹಾವೇರಿಯಿಂದ ಹೊಸರಿತ್ತಿಗೆ ಸೈಕಲ್ಲಿನ ಮೇಲೆ ಒಂದು ಬೆಳಗಿನಲ್ಲಿ ಹೋಗಿಬರಬಹುದು. ಮಕ್ಕಳನ್ನು ಕರೆದುಕೊಂಡು ಹೋಗತಕ್ಕ ದಾರಿ.

ಗೋಕರ್ಣದಲ್ಲಿ ಮಹಾಬಲೇಶ್ವರನ ದರ್ಶನ ಮಾಡಿ, ಬರುವಾಗ ಒಂದು ಚೀಲ ಹರಳುಪ್ಪನ್ನು ಕೊಂಡೆವು. ಮರಳಿ ಘಟ್ಟ ಹತ್ತುವ ಧೈರ್ಯವನ್ನು ಯಾರೂ ತೋರಿಸಲಿಲ್ಲ. ಹಾವೇರಿಯ ಕಡೆಗೆ ಹೊರಟ ಒಂದು ಲಾರಿಯ ಮೇಲೆ ಸೈಕಲ್ಲುಗಳನ್ನೂ ಉಪ್ಪನ್ನೂ ಏರಿಸಿ, 1971ರಂತೆಯೇ ಲಾರಿಯಲ್ಲಿ ಊರಿಗೆ ಬಂದೆವು.

ಹೋಗಬಯಸುವವರಿಗೆ ಎರಡು ಮಾತು. ಮಾರ್ಗಶಿರದಿಂದ ಮಾಘದ ವರೆಗೆ ಒಳ್ಳೆಯ ಕಾಲ. ಘಟ್ಟದ ದಾರಿಯು ಈಚಿನ ವರ್ಷಗಳಲ್ಲಿ ಕೆಲಸದ ಸಲುವಾಗಿ ಕೆಲವು ಸಲ ಮುಚ್ಚಿದ್ದುಂಟು. ಶಿರಸಿಯಲ್ಲಿ ವಿಚಾರಿಸಿಯೇ ಮುಂದೆ ಹೋಗಬೇಕು. ಬ್ರೇಕಿನ ಮಾತನ್ನು ಮತ್ತೆ ಹೇಳಬೇಕಾಗಿಲ್ಲ. ಹರಳುಪ್ಪು ಉಪ್ಪಿನಕಾಯಿಗೆ ಬಹಳ ಒಳ್ಳೆಯದು. ನಿತ್ಯದ ಅಡಿಗೆಗೆ ಮಾತ್ರ ವೈದ್ಯರು ಹೇಳುವಂತೆ ಅಯೋಡಿನ್ ಕೂಡಿದ ಉಪ್ಪನ್ನೇ ಬಳಸಬೇಕು.

ಬಂದ ಮರುದಿನ ನಾವು ಹೊಲಕ್ಕೆ ಹೋಗಿ, ವಾರದಲ್ಲಿ ಎರಡು ದಿನ ಬಾವಿಯ ನೀರು ಅಣ್ಣನವರ ಹೊಲಕ್ಕೆಂದು ಲಾವಣಿಯವನಿಗೆ ಹೇಳಿ, ಅದನ್ನೇ ಕಾಗದದ ಮೇಲೆ ಬರೆದು, ಸಹಿ ಮಾಡಿ ಅಣ್ಣನವರ ಮನೆಗೆ ಒಯ್ದೆವು. ಅತ್ತಿಗೆಯವರು ಉಪ್ಪನ್ನು ಎರಡು ಡಬ್ಬಿಗಳಲ್ಲಿ ತುಂಬುತ್ತಿದ್ದರು. ಅಣ್ಣನವರು ಕಾಗದವನ್ನು ಓದಲಿಲ್ಲ. ನಾಲ್ಕಾಗಿ ಮಡಿಚಿ ದೇವರ ಕೋಣೆಯ ಮಾಡಿನಲ್ಲಿಟ್ಟು, ನೆರೆಯವರ ಸೈಕಲ್ಲನ್ನು ಒರೆಸಿ ಕೊಟ್ಟೆಯೋ ಇಲ್ಲವೋ ಎಂದು ಕೇಳಿದರು. ಒರೆಸಿರಲಿಲ್ಲ. ಅಂದು ಸಂಜೆ ಇಬ್ಬರೂ ಕೂಡಿ ಒರೆಸಿದೆವು.